ಅಡಿಕೆ ಶೆಡ್‌ನ ಉಬುಂಟು: ವೈಫೈ ಡಾಂಗಲ್, ತೂಕದ ಯಂತ್ರ, ಎರಡಕ್ಕೂ ಡ್ರೈವರ್ ಕೂರಿಸಿದ ಲಾಗ್

ಮೊದಲು ಕೆಲಸ ಏನು ಅಂತ ಹೇಳಿಬಿಡ್ತೀನಿ. ತೀರ್ಥಹಳ್ಳಿ ಹತ್ತಿರ ಚಿಕ್ಕಪ್ಪನದ್ದು ಚೇಣಿ ವ್ಯವಹಾರ. ಹಸಿ ಅಡಿಕೆ ತೂಗಿ ತಗೊಂಡು, ಸುಲಿಸಿ, ಚೊಗರಿನಲ್ಲಿ ಬೇಯಿಸಿ, ಒಣಗಿಸಿ ಶಿವಮೊಗ್ಗದ ಮಂಡಿಗೆ ಕಳಿಸುತ್ತಾರೆ. ಶೆಡ್‌ನಲ್ಲಿ ಲೆಕ್ಕಕ್ಕೆ ಅಂತ ಒಂದು ಹಳೇ ಡೆಸ್ಕ್‌ಟಾಪ್ ಇದೆ. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಲಿನಕ್ಸ್ ಜಾತಿಯ ಉಬುಂಟು 22.04. ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲು ಹೊಡೆದು ಅದರ ಲ್ಯಾನ್ ಪೋರ್ಟ್ ಸತ್ತುಹೋಗಿತ್ತು, ಮಿಕ್ಕಿದ್ದೆಲ್ಲ ಬದುಕಿತ್ತು. ತೂಕದ ಯಂತ್ರ ಹೊಸದು, ಅದರ ಹಿಂದೆ ಒಂಬತ್ತು ಪಿನ್ನಿನ ಆರ್‌ಎಸ್-232 ಅನ್ನೋ ಸೀರಿಯಲ್ ಪೋರ್ಟ್ ಇದೆ. ಆದರೆ ಕಂಪ್ಯೂಟರ್‌ನಲ್ಲಿ ಸೀರಿಯಲ್ ಪೋರ್ಟೇ ಇಲ್ಲ.

ಅಡಿಕೆ ಗೊನೆ ಕೊಯ್ಲು ಶುರುವಾಗೋ ಮುಂಚೆ ಎರಡು ಆಗಬೇಕಿತ್ತು. ಒಂದು, ಮನೆಯ ರೂಟರ್‌ನಿಂದ ಶೆಡ್‌ಗೆ ವೈಫೈ. ಇನ್ನೊಂದು, ತೂಕ ನೇರವಾಗಿ ಕಂಪ್ಯೂಟರ್‌ಗೆ ಬರಬೇಕು, ಯಾರೂ ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡಬಾರದು. ಎರಡೂ ಯುಎಸ್‌ಬಿಗೆ ಸಿಕ್ಕಿಸುವ ಸಾಮಾನುಗಳೇ. ಲ್ಯಾನ್ ಕಾರ್ಡ್ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಅಂಗಳ ದಾಟಿಸಿ ಇನ್ನೊಂದು ತಾಮ್ರದ ವೈರ್ ಎಳೆದು ಮುಂದಿನ ವರ್ಷದ ಸಿಡಿಲಿಗೆ ದಾರಿ ಮಾಡಿಕೊಡೋದು ನನಗೆ ಇಷ್ಟ ಇರಲಿಲ್ಲ.

ಕಮ್ಯಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ದೊಡ್ಡ ಅಕ್ಷರ ಅಂತ ಹೇಳಿದ ಕಡೆ ಬಿಟ್ಟು, ಎಲ್ಲಾ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹೊಡೆಯಿರಿ.

ಹಂತ 1: ಸಿಕ್ಕಿಸಿ ನೋಡೋದು

ಡಾಂಗಲ್ ಶಿವಮೊಗ್ಗದ ಅಂಗಡಿಯಲ್ಲಿ ತಗೊಂಡಿದ್ದು, 550 ರೂಪಾಯಿ. ಡಬ್ಬಿ ಮೇಲೆ ಲಿನಕ್ಸ್‌ಗೂ ಆಗುತ್ತೆ ಅಂತ ಬರೆದಿತ್ತು. ಒಳಗಿರೋ ಚಿಪ್ ಯಾವುದು ಅಂತ ಮಾತ್ರ ಎಲ್ಲೂ ಇಲ್ಲ. ಡಾಂಗಲ್ ವಿಷಯದಲ್ಲಿ ಕಂಪನಿ ಹೆಸರಿಂದ ಏನೂ ಗೊತ್ತಾಗಲ್ಲ. ಒಂದೇ ಹೆಸರಿನ ಡಬ್ಬಿಯಲ್ಲಿ ಈ ವರ್ಷ ಒಂದು ಚಿಪ್, ಮುಂದಿನ ವರ್ಷ ಇನ್ನೊಂದು ಇರಬಹುದು. ಗೊತ್ತಾಗೋದು ಯುಎಸ್‌ಬಿ ಐಡಿಯಿಂದ ಮಾತ್ರ.

ಟರ್ಮಿನಲ್ ತೆಗೆದು "ಸುಡೋ ಡಿಮೆಸೇಜ್ ಮೈನಸ್ ಡಬ್ಲ್ಯೂ" ಓಡಿಸಿ ಹಾಗೇ ಬಿಟ್ಟೆ. ಟೈಪ್ ಮಾಡುವಾಗ ಡಿ-ಎಂ-ಇ-ಎಸ್-ಜಿ ಅಷ್ಟೇ. ಇದು ಕರ್ನಲ್, ಅಂದರೆ ಉಬುಂಟುವಿನ ತಿರುಳು, ಏನು ಹೇಳ್ತಾ ಇದೆ ಅನ್ನೋದನ್ನ ಸಾಲು ಸಾಲಾಗಿ ತೋರಿಸ್ತಾ ಹೋಗುತ್ತೆ. ಸುಡೋ, ಅಂದರೆ ಅಡ್ಮಿನ್ ಅಧಿಕಾರ, ಇಲ್ಲದೆ ಉಬುಂಟು ಈಗ ಇದನ್ನ ಓದೋಕೆ ಬಿಡಲ್ಲ. ಆಮೇಲೆ ಡಾಂಗಲ್ ಸಿಕ್ಕಿಸಿದೆ.

ಹೊಸ ಯುಎಸ್‌ಬಿ ಸಾಧನ ಸಿಕ್ತು ಅಂತ ಬಂತು. ಅದರ ಹಿಂದೆಯೇ ಯುಎಸ್‌ಬಿ-ಸ್ಟೋರೇಜ್, ಆಮೇಲೆ ಸಿಡಿ-ರಾಮ್, ಎಸ್‌ಆರ್0 ಅಂತ ಸಾಲುಗಳು. ವೈಫೈ ಸುದ್ದಿಯೇ ಇಲ್ಲ. ಸಿಕ್ಕಿಸಿದ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸೋ ಎಲ್‌ಎಸ್‌ಯುಎಸ್‌ಬಿ ಹೊಡೆದರೆ 0ಬಿಡಿಎ:1ಎ2ಬಿ ಅಂತ ಐಡಿ. 0ಬಿಡಿಎ ಅಂದರೆ ರಿಯಲ್‌ಟೆಕ್ ಅನ್ನೋ ಚಿಪ್ ಕಂಪನಿ. ಫೈಲ್ ಮ್ಯಾನೇಜರ್‌ನಲ್ಲಿ ಒಂದು ಸಿಡಿ ಚಿತ್ರ ಬಂದು ಕೂತಿತ್ತು, ಒಳಗೆ ವಿಂಡೋಸ್‌ನ ಸೆಟಪ್ ಫೈಲ್.

ಹಂತ 2: ಸಿಡಿ ವೇಷ ಬಿಡಿಸೋದು

ಈ ಜಾತಿ ಡಾಂಗಲ್‌ಗಳು ಸಿಕ್ಕಿಸಿದ ಕೂಡಲೇ ತಾನೊಂದು ಸಿಡಿ ಡ್ರೈವ್ ಅಂತ ಹೇಳಿಕೊಳ್ತವೆ. ವಿಂಡೋಸ್‌ನವರಿಗೆ ಡ್ರೈವರ್ ಸಿಡಿ ಬೇರೆ ಕೊಡೋದು ಬೇಡ ಅಂತ ಕಂಪನಿಯವರು ಮಾಡಿಕೊಂಡ ಉಪಾಯ. ವಿಂಡೋಸ್ ಡ್ರೈವರ್ ಕೂತ ಮೇಲೆ ಅದೇ ಡಾಂಗಲ್‌ಗೆ ಸಿಡಿ ಹೊರಗೆ ಹಾಕು ಅಂತ ಹೇಳುತ್ತೆ, ಆಗ ಅದು ವೈಫೈ ಆಗುತ್ತೆ. ಲಿನಕ್ಸ್‌ನಲ್ಲಿ ಅದನ್ನ ಹೇಳೋರು ಯಾರಾದರೂ ಬೇಕು.

ಹಾಗಾಗಿ ಫೈಲ್ ಮ್ಯಾನೇಜರ್‌ನಲ್ಲಿ ಆ ಸಿಡಿ ಮೇಲೆ ಸುಮ್ನೆ ಎಜೆಕ್ಟ್ ಒತ್ತಿದೆ. ಡಿಮೆಸೇಜ್ ಕಿಟಕಿಯಲ್ಲಿ ಸಾಧನ ಹೋಯ್ತು ಅಂತ ಒಂದು ಸಾಲು ಬಂತು, ಸ್ವಲ್ಪ ಹೊತ್ತಿಗೆ ಹೊಸ ಐಡಿಯ ಜೊತೆ ವಾಪಸ್ ಬಂತು: 0ಬಿಡಿಎ:ಸಿ811. ಎಲ್‌ಎಸ್‌ಯುಎಸ್‌ಬಿಯಲ್ಲಿ ಈಗ 802.11ಎಸಿ ನಿಕ್ (ವೈಫೈ ಕಾರ್ಡ್) ಅಂತ ತೋರಿಸಿತು. ಅಂದರೆ ಆರ್‌ಟಿಎಲ್8811ಸಿಯು, ಅದರ ಅಣ್ಣ 8821ಸಿಯು ಜೊತೆ ಒಂದೇ ಡ್ರೈವರ್‌ನಲ್ಲಿ ನಡೆಯೋ ಚಿಪ್.

ಪ್ರತಿ ಸಲ ಮೌಸ್ ಹಿಡಿದು ಎಜೆಕ್ಟ್ ಮಾಡ್ತಾ ಕೂರೋಕಾಗಲ್ಲ. ಅದಕ್ಕೆ ಯುಎಸ್‌ಬಿ_ಮೋಡ್‌ಸ್ವಿಚ್ ಅಂತ ಪ್ರೋಗ್ರಾಂ ಇದೆ. ಈ ಕಂಪ್ಯೂಟರ್‌ನಲ್ಲಿ ಅದು ಇರಲಿಲ್ಲ, ಮುಂದಿನ ಹಂತದಲ್ಲಿ ನೆಟ್ ಬಂದ ಮೇಲೆ ಹಾಕಿದೆ. ಸಾಧನ ಸಿಕ್ಕಿಸಿದಾಗ ಏನು ಮಾಡಬೇಕು ಅಂತ ನೋಡ್ಕೊಳ್ಳೋದು ಯುಡೆವ್ ಅನ್ನೋ ಭಾಗ. ಅದಕ್ಕೆ ಅಂತ /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ ಒಂದೇ ಸಾಲಿನ ಫೈಲ್: 0ಬಿಡಿಎ, 1ಎ2ಬಿ ಐಡಿಯ ಸಾಧನ ಬಂದರೆ ಯುಎಸ್‌ಬಿ_ಮೋಡ್‌ಸ್ವಿಚ್ ಅನ್ನು ದೊಡ್ಡ ಅಕ್ಷರದ ಮೈನಸ್ ಕೆ, ಮೈನಸ್ ವಿ 0ಬಿಡಿಎ, ಮೈನಸ್ ಪಿ 1ಎ2ಬಿ ಅಂತ ಓಡಿಸು. ಆ ಕೆ ಅಂದರೆ ಎಜೆಕ್ಟ್ ಆಜ್ಞೆ. ಪ್ರೋಗ್ರಾಂನ ಪೂರ್ತಿ ದಾರಿ ಕೊಡಬೇಕು, ಬರೀ ಹೆಸರು ಬರೆದರೆ ಯುಡೆವ್ ಹುಡುಕಲ್ಲ.

ಹಂತ 3: ಡ್ರೈವರ್ ಇಲ್ಲ

ಐಡಿ ಸರಿ ಬಂತು, ಆದರೂ ವೈಫೈ ಪಟ್ಟಿ ಖಾಲಿ. "ಎಲ್‌ಎಸ್‌ಯುಎಸ್‌ಬಿ ಮೈನಸ್ ಟಿ" ಹೊಡೆದರೆ ಮರದ ಆಕಾರದಲ್ಲಿ ಎಲ್ಲಾ ಸಾಧನಗಳೂ, ಯಾವುದನ್ನ ಯಾವ ಡ್ರೈವರ್ ಹಿಡಿದಿದೆ ಅನ್ನೋದೂ ಬರುತ್ತೆ. ಡಾಂಗಲ್ ಎದುರಿಗೆ ಡ್ರೈವರ್ ಅನ್ನೋ ಜಾಗ ಖಾಲಿ ಇತ್ತು. ಅಂದರೆ ಯಾರೂ ಹಿಡಿದಿಲ್ಲ.

ಇಲ್ಲೇ ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನೋ ಕಥೆ. ವೈಫೈ ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್ಟಿಗೆ ವೈಫೈ ಬೇಕು. ಆಂಡ್ರಾಯ್ಡ್ ಫೋನನ್ನ ಡೇಟಾ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ತಕ್ಷಣ ನೆಟ್ ಬಂತು. ಏನೂ ಇಳಿಸಬೇಕಾಗಲಿಲ್ಲ. ಎಲ್‌ಎಸ್‌ಮಾಡ್ ನೋಡಿದರೆ ಆರ್‌ಎನ್‌ಡಿಐಎಸ್_ಹೋಸ್ಟ್ ಅನ್ನೋ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಸೇರೋ ಡ್ರೈವರ್ ತುಂಡು, ತಾನಾಗೇ ಬಂದು ಕೂತಿತ್ತು. ಚಾರ್ಜ್ ಮಾತ್ರ ಆಗೋ ಅಗ್ಗದ ಕೇಬಲ್ ಆದರೆ ಇದು ನಡೆಯಲ್ಲ, ಅದನ್ನ ನೋಡ್ಕೊಳ್ಳಿ.

ಫೋನಿಗೆ ತಾನಾಗೇ ಬಂದ ಡ್ರೈವರ್ ಡಾಂಗಲ್‌ಗೆ ಯಾಕೆ ಬರಲಿಲ್ಲ? /ಲಿಬ್/ಮಾಡ್ಯೂಲ್ಸ್ ಒಳಗೆ ಪ್ರತಿ ಕರ್ನಲ್‌ಗೂ ಒಂದೊಂದು ಫೋಲ್ಡರ್ ಇರುತ್ತೆ, ಅದರೊಳಗೆ ಮಾಡ್ಯೂಲ್ಸ್.ಅಲಿಯಾಸ್ ಅಂತ ಒಂದು ಉದ್ದ ಫೈಲ್. ಯಾವ ಐಡಿಗೆ ಯಾವ ಡ್ರೈವರ್ ಅನ್ನೋ ಜಾತಕ ಅದು. ಸಾಧನ ಸಿಕ್ಕಿಸಿದಾಗ ಕರ್ನಲ್ ಅದರ ಐಡಿಯನ್ನ ಕೂಗಿ ಹೇಳುತ್ತೆ, ಯುಡೆವ್ ಈ ಪಟ್ಟಿ ನೋಡಿ ಡ್ರೈವರ್ ಎಳೆದು ತರುತ್ತೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸುಮ್ಮನಿರುತ್ತೆ, ತಪ್ಪು ಅಂತಲೂ ಹೇಳಲ್ಲ.

ಆ ಫೈಲ್‌ನಲ್ಲಿ ವಿ0ಬಿಡಿಎಪಿಸಿ811 ಅಂತ ಗ್ರೆಪ್ ಮಾಡಿದೆ (ಹುಡುಕಿದೆ), ಏನೂ ಬರಲಿಲ್ಲ. ಇಲ್ಲೊಂದು ಗುಂಡಿ ಇದೆ. ಎಲ್‌ಎಸ್‌ಯುಎಸ್‌ಬಿ ಐಡಿಗಳನ್ನ ಸಣ್ಣ ಅಕ್ಷರದಲ್ಲಿ ತೋರಿಸುತ್ತೆ, ಈ ಫೈಲ್‌ನಲ್ಲಿ ಅವು ದೊಡ್ಡ ಅಕ್ಷರದಲ್ಲಿರ್ತವೆ. ಗ್ರೆಪ್‌ಗೆ ಮೈನಸ್ ಐ ಹಾಕದಿದ್ದರೆ ಇದ್ದ ಸಾಲೂ ಇಲ್ಲ ಅಂತಲೇ ಕಾಣುತ್ತೆ. ಮೈನಸ್ ಐ ಹಾಕಿಯೂ ನೋಡಿದೆ. ನಿಜವಾಗ್ಲೂ ಇರಲಿಲ್ಲ.

ಯುನೇಮ್ ಮೈನಸ್ ಆರ್ ಹೊಡೆದಾಗ ಕಾರಣ ಸಿಕ್ತು: ಕರ್ನಲ್ 5.15. ಈ ಚಿಪ್‌ನ ಯುಎಸ್‌ಬಿ ಡ್ರೈವರ್, ಆರ್‌ಟಿಡಬ್ಲ್ಯೂ88_8821ಸಿಯು, ಮುಖ್ಯ ಕರ್ನಲ್‌ಗೆ ಸೇರಿದ್ದು 6.2ರಲ್ಲಿ. ಸಿಡಿಲು ಹೊಡೆಯೋ ಮುಂಚೆಯೂ ಈ ಯಂತ್ರಕ್ಕೆ ಯಾರೂ ಅಪ್‌ಡೇಟ್ ಮಾಡಿರಲಿಲ್ಲ, 22.04.1ರ ಪೆನ್‌ಡ್ರೈವ್‌ನಿಂದ ಹಾಕಿದ್ದು ಹಾಗೇ ಇತ್ತು.

ದಾರಿ ಎರಡಿತ್ತು. ಪೂರ್ತಿ ಅಪ್‌ಡೇಟ್ ಮಾಡಿ ಹೊಸ ಕರ್ನಲ್‌ಗೆ ಹೋಗೋದು, ಇಲ್ಲಾ ಗಿಟ್‌ಹಬ್‌ನಲ್ಲಿ ಸಿಗೋ ಹೊರಗಿನ ಡ್ರೈವರ್‌ನ ಸೋರ್ಸ್ ತಂದು ಇಲ್ಲೇ ಕಟ್ಟೋದು (ಕಂಪೈಲ್ ಮಾಡೋದು). ಶೆಡ್‌ನಲ್ಲಿ ಫೋನಿಗೆ ಒಂದು ಕಡ್ಡಿ ಸಿಗ್ನಲ್, ಅದೂ ಕಿಟಕಿ ಹತ್ತಿರ ಇಟ್ಟರೆ. ಅಷ್ಟು ದೊಡ್ಡ ಅಪ್‌ಡೇಟ್ ಅದರಲ್ಲಿ ಇಳಿಯಲ್ಲ ಅಂತ ಎರಡನೇ ದಾರಿ ಹಿಡಿದೆ. ಅದೇ ಆಮೇಲೆ ತಲೆನೋವಾಯ್ತು. ಫೋನ್ ಕಿತ್ಕೊಂಡು ಕಂಪ್ಯೂಟರನ್ನೇ ಮನೆ ಜಗಲಿಗೆ ಹೊತ್ತು ತಂದಿದ್ದರೆ ರೂಟರ್ ಪಕ್ಕದಲ್ಲೇ ಅದೇ ಫೋನನ್ನ ಮನೆ ವೈಫೈಗೆ ಹಾಕಿ, ಟೆದರಿಂಗ್‌ನಲ್ಲೇ ಪೂರ್ತಿ ಅಪ್‌ಡೇಟ್ ಮುಗೀತಿತ್ತು. ಫೋನು ವೈಫೈಯನ್ನೂ ಯುಎಸ್‌ಬಿ ಮೂಲಕ ಹಂಚುತ್ತೆ ಅನ್ನೋದು ಆ ಹೊತ್ತಿಗೆ ಹೊಳೆಯಲಿಲ್ಲ.

ಹಾಕಿದ್ದು: ಬಿಲ್ಡ್-ಎಸೆನ್ಷಿಯಲ್ (ಕಟ್ಟೋಕೆ ಬೇಕಾದ ಸಾಮಾನು), ಡಿಕೆಎಂಎಸ್ (ಹೊರಗಿನ ಡ್ರೈವರ್‌ಗಳನ್ನ ಕಟ್ಟಿ ನೋಡ್ಕೊಳ್ಳೋದು), ಓಡ್ತಾ ಇರೋ ಕರ್ನಲ್‌ನದ್ದೇ ಹೆಡರ್ಸ್ (ಮಾಡ್ಯೂಲ್ ಕಟ್ಟೋಕೆ ಬೇಕಾದ ಕರ್ನಲ್ ಫೈಲ್‌ಗಳು). ಹೆಡರ್ಸ್ ಬೇರೆ ನಂಬರಿನದ್ದಾದರೆ ಮಾಡ್ಯೂಲ್ ಕಟ್ಟೋಕಾಗಲ್ಲ. ಆಮೇಲೆ ಡ್ರೈವರ್ ಫೋಲ್ಡರ್‌ನಲ್ಲಿದ್ದ ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸಿದೆ. ಐ3 ನಿಧಾನಕ್ಕೆ ಅರೆದು ಮುಗಿಸಿತು. ರೀಬೂಟ್. ವೈಫೈ ಬಂತು, ಮನೆಯ ರೂಟರ್ ಹೆಸರು ಕಾಣಿಸಿತು. "ಆಯ್ತಲ್ಲ ಮಾರಾಯ, ಇಷ್ಟಕ್ಕೆ ಇಷ್ಟೊತ್ತಾ" ಅಂದರು ಚಿಕ್ಕಪ್ಪ.

ಇಲ್ಲೊಂದು ಬಿಡಿ ಮಾತು. ಈ ಬೋರ್ಡ್‌ನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದನ್ನ ತಡೆಯೋ ವ್ಯವಸ್ಥೆ) ಆಫ್ ಇತ್ತು, ಹಾಗಾಗಿ ಬಚಾವ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಆನ್ ಇರುತ್ತೆ, ಆಗ ಹೀಗೆ ಮನೆಯಲ್ಲಿ ಕಟ್ಟಿದ ಮಾಡ್ಯೂಲನ್ನ ಕರ್ನಲ್ ಒಳಗೆ ಬಿಟ್ಟುಕೊಳ್ಳಲ್ಲ. ಡಿಕೆಎಂಎಸ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳುತ್ತೆ, ರೀಬೂಟ್ ಆದಾಗ ನೀಲಿ ಪರದೆಯಲ್ಲಿ ಎನ್ರೋಲ್ ಮಾಕ್ ಅಂತ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಜನ ಆ ನೀಲಿ ಪರದೆ ಕಂಡು ಗಾಬರಿಯಾಗಿ ಕಂಟಿನ್ಯೂ ಒತ್ತಿ ಬಿಡ್ತಾರೆ, ಆಮೇಲೆ ಡ್ರೈವರ್ ಕೆಟ್ಟದ್ದು ಅಂತ ಬಯ್ತಾರೆ.

ಹಂತ 4: ಬಂದಿದ್ದು ಹೋಯ್ತು

ವೈಫೈ ಬಂದ ಖುಷಿಗೆ ಅಪ್‌ಡೇಟ್ ಒತ್ತಿದೆ. ಎಲ್ಲಾ ಇಳೀತು. ಕೊನೆಗೆ ಹೆಡರ್ಸ್ ಪ್ಯಾಕೇಜ್ ಹತ್ತಿರ ಎರರ್ ಅಂತ ಸಾಲುಗಳು ಬಂದವು, ಅವನ್ನ ಓದದೆ ರೀಬೂಟ್ ಮಾಡಿದೆ. ಕರ್ನಲ್ 6.8 ಆಗಿತ್ತು. ವೈಫೈ ಮಾಯ.

ಡಿಕೆಎಂಎಸ್ ಸ್ಟೇಟಸ್ ಹೇಳಿದ್ದು, ಮಾಡ್ಯೂಲ್ 5.15ಕ್ಕೆ ಮಾತ್ರ ಇದೆ, 6.8ಕ್ಕೆ ಇಲ್ಲ. ಹೊಸ ಕರ್ನಲ್ ಬಂದಾಗ ಡಿಕೆಎಂಎಸ್ ತಾನಾಗೇ ಡ್ರೈವರನ್ನ ಮತ್ತೆ ಕಟ್ಟೋಕೆ ನೋಡುತ್ತೆ. ನಾನು ಇಳಿಸಿದ್ದ ಸೋರ್ಸ್ ಹಳೇದು, 6.8ರ ಒಳಗೆ ಕೆಲವು ಫಂಕ್ಷನ್‌ಗಳು ಬದಲಾಗಿದ್ದವು, ಕಟ್ಟೋದು ಅರ್ಧಕ್ಕೆ ನಿಂತಿತ್ತು. ಪೂರ್ತಿ ದೂರು /ವರ್/ಲಿಬ್/ಡಿಕೆಎಂಎಸ್ ಕೆಳಗೆ ಮೇಕ್.ಲಾಗ್ ಅನ್ನೋ ಫೈಲ್‌ನಲ್ಲಿ ಇರುತ್ತೆ.

ತಾತ್ಕಾಲಿಕಕ್ಕೆ: ರೀಬೂಟ್ ಮಾಡಿ ಗ್ರಬ್ ಮೆನುವಿನಲ್ಲಿ (ಶುರುವಾಗುವಾಗ ಯಾವ ಕರ್ನಲ್ ಅಂತ ಆರಿಸೋ ಪರದೆ) ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ 5.15 ಆರಿಸಿದೆ. ವೈಫೈ ವಾಪಸ್. ಉಬುಂಟು ಹಿಂದಿನ ಕರ್ನಲನ್ನ ಉಳಿಸಿಕೊಂಡಿರುತ್ತೆ. ಯಾರಾದರೂ ಜಾಗ ಉಳಿಸೋಕೆ ಅದನ್ನ ಅಳಿಸ್ತೀನಿ ಅಂದರೆ ಬೇಡ ಅನ್ನಿ.

ಇಷ್ಟೊತ್ತಿಗೆ ಬುದ್ಧಿ ಬಂದಿತ್ತು. 6.8ರಲ್ಲಿ ಡ್ರೈವರ್ ಒಳಗೇ ಇದ್ಮೇಲೆ ಹೊರಗಿನದ್ದು ಯಾಕೆ? ಡಿಕೆಎಂಎಸ್ ರಿಮೂವ್ ಹೊಡೆದು ಹೊರಗಿನದ್ದನ್ನ ಕಿತ್ತೆ, ಅರ್ಧಕ್ಕೆ ನಿಂತಿದ್ದ ಪ್ಯಾಕೇಜ್‌ಗಳನ್ನ "ಡಿಪಿಕೆಜಿ ಮೈನಸ್ ಮೈನಸ್ ಕಾನ್ಫಿಗರ್ ಮೈನಸ್ ಎ" ಅಂತ ಮುಗಿಸಿ 6.8ಕ್ಕೆ ಬಂದೆ. ಆದರೂ ವೈಫೈ ಇಲ್ಲ.

ಈ ಜಾಗ ಸ್ವಲ್ಪ ನಿಧಾನಕ್ಕೆ ಓದಿ. ನನಗೆ ಜಾಸ್ತಿ ಹೊತ್ತು ಹಿಡಿದಿದ್ದು ಇಲ್ಲೇ.

ಮಾಡ್ಯೂಲ್ಸ್.ಅಲಿಯಾಸ್‌ನಲ್ಲಿ ಈಗ ಐಡಿ ಇದೆ, ಎದುರಿಗೆ ಆರ್‌ಟಿಡಬ್ಲ್ಯೂ88_8821ಸಿಯು ಅಂತ ಹೆಸರೂ ಇದೆ. ಮಾಡ್‌ಇನ್ಫೋ ಹೊಡೆದರೆ ಫೈಲ್ ಇರೋ ಜಾಗವೂ ತೋರಿಸುತ್ತೆ. ಚಿಪ್ ಒಳಗೆ ಓಡಬೇಕಾದ ಫರ್ಮ್‌ವೇರ್ ಫೈಲೂ /ಲಿಬ್/ಫರ್ಮ್‌ವೇರ್ ಒಳಗೆ ಇದೆ. ಡಾಂಗಲ್ ಕಿತ್ತು ಸಿಕ್ಕಿಸಿದರೆ ಐಡಿ ಸರಿಯಾಗಿ ಸಿ811ಕ್ಕೆ ಬರುತ್ತೆ. ಡ್ರೈವರ್ ಮಾತ್ರ ಬರಲ್ಲ. ಡಿಮೆಸೇಜ್‌ನಲ್ಲಿ ಒಂದು ಎರರ್ ಕೂಡ ಇಲ್ಲ. ಬಯ್ಯೋಕಾದರೂ ಒಂದು ಸಾಲು ಬೇಕಲ್ವಾ?

ಕೈಯಲ್ಲೇ "ಸುಡೋ ಮಾಡ್‌ಪ್ರೋಬ್ ಆರ್‌ಟಿಡಬ್ಲ್ಯೂ88_8821ಸಿಯು" ಹೊಡೆದೆ. ಆಗ ನೋಡಿ, ಫರ್ಮ್‌ವೇರ್ ವರ್ಷನ್ ಸಾಲು ಬಂತು, ವೈಫೈ ಪಟ್ಟಿ ತುಂಬಿತು. ರೀಬೂಟ್ ಮಾಡಿದರೆ ಮತ್ತೆ ಇಲ್ಲ. ಹೆಸರು ಹಿಡಿದು ಕರೆದರೆ ಬರುತ್ತೆ, ತಾನಾಗಿ ಬರಲ್ಲ. ಈ ಲಕ್ಷಣ ಕಂಡರೆ ಬ್ಲ್ಯಾಕ್‌ಲಿಸ್ಟ್ ಅಂತಲೇ ತಿಳ್ಕೊಳ್ಳಿ. ಮಾಡ್‌ಪ್ರೋಬ್‌ನ ಬ್ಲ್ಯಾಕ್‌ಲಿಸ್ಟ್ ಅನ್ನೋದು ಐಡಿ ನೋಡಿ ತಾನಾಗಿ ಬರೋದನ್ನ ಮಾತ್ರ ತಡೆಯುತ್ತೆ, ಹೆಸರು ಹೇಳಿ ಕರೆಯೋದನ್ನ ತಡೆಯಲ್ಲ.

/ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ 8821 ಅಂತ ಗ್ರೆಪ್ ಮಾಡಿದೆ. ಹೊರಗಿನ ಡ್ರೈವರ್ ಜೊತೆ ಬಂದಿದ್ದ ಕಾನ್ಫ್ ಫೈಲ್ ಅಲ್ಲೇ ಕೂತಿತ್ತು. ಒಳಗೆ "ಬ್ಲ್ಯಾಕ್‌ಲಿಸ್ಟ್ ಆರ್‌ಟಿಡಬ್ಲ್ಯೂ88_8821ಸಿಯು". ಎರಡು ಡ್ರೈವರ್ ಒಂದೇ ಡಾಂಗಲ್‌ಗೆ ಕಿತ್ತಾಡಬಾರದು ಅಂತ ಹಾಕಿದ್ದ ಸಾಲು, ಅದರಲ್ಲಿ ತಪ್ಪಿಲ್ಲ. ಆದರೆ ಡಿಕೆಎಂಎಸ್ ರಿಮೂವ್ ಮಾಡ್ಯೂಲನ್ನ ಮಾತ್ರ ಕಿತ್ತಿತ್ತು, ಈ ಫೈಲನ್ನ ಮುಟ್ಟಿರಲಿಲ್ಲ. ಆ ಡ್ರೈವರ್ ಫೋಲ್ಡರ್‌ನಲ್ಲೇ ತೆಗೆಯೋಕೆ ಬೇರೆ ಸ್ಕ್ರಿಪ್ಟ್ ಇರುತ್ತೆ, ಅದನ್ನ ಓಡಿಸಬೇಕಿತ್ತು. ನಾನಾಗಲೇ ಫೋಲ್ಡರ್ ಅಳಿಸಿಯಾಗಿತ್ತು. ಫೈಲ್ ಕೈಯಲ್ಲೇ ತೆಗೆದೆ, ಬೂಟ್ ಆಗುವಾಗ ಓದೋ ನಕಲೂ ಹೊಸದಾಗಲಿ ಅಂತ "ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಮೈನಸ್ ಯು" ಓಡಿಸಿದೆ, ರೀಬೂಟ್ ಮಾಡಿದೆ. ಬಂತು. ಆಮೇಲೆ ಇವತ್ತಿನವರೆಗೆ ಡ್ರೈವರ್ ವಿಷಯಕ್ಕೆ ಕೈ ಹಾಕಿಲ್ಲ.

ವೈಫೈ ಮಧ್ಯೆ ಮಧ್ಯೆ ನಿದ್ದೆ ಹೋಗ್ತಿತ್ತು. ನೆಟ್‌ವರ್ಕ್ ಮ್ಯಾನೇಜರ್‌ನ ಕಾನ್ಫ್.ಡಿ ಫೋಲ್ಡರ್‌ನಲ್ಲಿ ವೈಫೈ ಪವರ್‌ಸೇವ್ 3 (ಆನ್) ಅಂತ ಇರುತ್ತೆ, ಅದನ್ನ 2 (ಆಫ್) ಮಾಡಿದ ಮೇಲೆ ಆ ತೊಂದರೆ ನಿಂತಿತು. ಡಾಂಗಲನ್ನ ಸಿಪಿಯು ಹಿಂಭಾಗಕ್ಕೆ ಸಿಕ್ಕಿಸಿದರೆ ಸಿಗ್ನಲ್ ಇಲ್ಲವೇ ಇಲ್ಲ, 90 ರೂಪಾಯಿಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮನೆ ಕಡೆ ಕಿಟಕಿಯ ಸರಳಿಗೆ ಕಟ್ಟಿದೆ. ಜಂಬಿಟ್ಟಿಗೆ ಗೋಡೆ ದಾಟೋಕೆ 5 ಗಿಗಾಹರ್ಟ್ಸ್‌ಗೆ ಆಗಲಿಲ್ಲ, 2.4ರಲ್ಲಿ ಆರಾಮಾಗಿ ನಡೀತಿದೆ. ಬಿಲ್ ಕಳಿಸೋಕೆ, ಮಂಡಿ ರೇಟ್ ನೋಡೋಕೆ ಅಷ್ಟು ಸಾಕು.

ಹಂತ 5: ತೂಕದ ಯಂತ್ರದ ಕೇಬಲ್

ಮನೆಯಲ್ಲಿ ಒಂದು ಹಳೇ ಯುಎಸ್‌ಬಿ-ಸೀರಿಯಲ್ ಕೇಬಲ್ ಇತ್ತು, ಪ್ರೊಲಿಫಿಕ್ ಚಿಪ್‌ನದ್ದು. ಚಿಕ್ಕಪ್ಪನ ಮಗ ತನ್ನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ನೋಡಿದಾಗ ಈ ಚಿಪ್ 2012ರಿಂದಲೇ ನಿಂತುಹೋಗಿದೆ ಅಂತ ಡಿವೈಸ್ ಮ್ಯಾನೇಜರ್ ಬರೆದು ತೋರಿಸಿತಂತೆ, ಡ್ರೈವರ್ ಓಡಲಿಲ್ಲ. ಉಬುಂಟುನಲ್ಲಿ ಪಿಎಲ್2303 ಮಾಡ್ಯೂಲ್ ಯಾವ ತಕರಾರೂ ಇಲ್ಲದೆ ಹಿಡಿಯಿತು. ಆದರೆ ನಮ್ಮ ಕಡೆ ಮಳೆಗಾಲ ಗೊತ್ತಲ್ಲ, ಕನೆಕ್ಟರ್ ಪಿನ್‌ಗಳಿಗೆಲ್ಲ ಹಸಿರು ಕಿಲುಬು ಹಿಡಿದು ಒಂದು ಪಿನ್ ಮುರಿದಿತ್ತು. ಹೊಸದು ತಂದೆ, 280 ರೂಪಾಯಿ, ಸಿಎಚ್340 ಚಿಪ್.

ಸಿಕ್ಕಿಸಿದೆ. ಎಲ್‌ಎಸ್‌ಯುಎಸ್‌ಬಿಯಲ್ಲಿ 1ಎ86:7523. ಸಿಎಚ್341 ಮಾಡ್ಯೂಲ್ ತಾನಾಗೇ ಬಂತು. ಸಿಎಚ್340 ಚಿಪ್‌ಗೂ ಡ್ರೈವರ್ ಹೆಸರು ಸಿಎಚ್341 ಅಂತಲೇ. ಇನ್ನೇನು ಮುಗೀತು ಅಂದ್ಕೊಂಡು /ಡೆವ್ ಒಳಗೆ ಈ ಕೇಬಲ್‌ನ ಪೋರ್ಟಿನ ಹೆಸರು ಟಿಟಿವೈಯುಎಸ್‌ಬಿ0 (ಯುಎಸ್‌ಬಿ ಮಾತ್ರ ದೊಡ್ಡ ಅಕ್ಷರ) ಹುಡುಕಿದರೆ ಇಲ್ಲ!

ಡಿಮೆಸೇಜ್ ಮತ್ತೆ ಓದಿದೆ. ಕನ್ವರ್ಟರ್ ಟಿಟಿವೈಯುಎಸ್‌ಬಿ0ಗೆ ಅಟ್ಯಾಚ್ ಆಯ್ತು ಅನ್ನೋ ಸಾಲು ಇದೆ. ಅದರ ಕೆಳಗೇ ಇನ್ನೊಂದು: ಇಂಟರ್‌ಫೇಸ್ 0 ಸಿಎಚ್341 ಕೈಯಲ್ಲಿರುವಾಗ ಬಿಆರ್‌ಎಲ್‌ಟಿಟಿವೈ ಬಂದು ಕಾನ್ಫಿಗ್ ಬದಲಿಸ್ತಾ ಇದೆ ಅನ್ನೋ ಅರ್ಥದ್ದು. ಮೂರನೆಯದು, ಟಿಟಿವೈಯುಎಸ್‌ಬಿ0ಯಿಂದ ಡಿಸ್‌ಕನೆಕ್ಟ್. ಡ್ರೈವರ್ ಬಂದು ಕೂತಿತ್ತು, ಬೇರೆ ಯಾರೋ ಕುರ್ಚಿಯಿಂದ ಎಬ್ಬಿಸಿದ್ದರು.

ಬಿಆರ್‌ಎಲ್‌ಟಿಟಿವೈ ಅನ್ನೋದು ಕಣ್ಣು ಕಾಣದವರು ಬಳಸುವ ಬ್ರೈಲ್ ಡಿಸ್‌ಪ್ಲೇಗಳಿಗೆ ಬೇಕಾದ ಪ್ರೋಗ್ರಾಂ. ಕೆಲವು ಬ್ರೈಲ್ ಸಾಧನಗಳ ಒಳಗೂ ಇದೇ ಸಿಎಚ್340 ಚಿಪ್, ಇದೇ ಐಡಿ. ಹಾಗಾಗಿ ಈ ಐಡಿ ಕಂಡ ಕೂಡಲೇ ಇದು ನನ್ನದು ಅಂತ ಅದು ಎಳ್ಕೊಳ್ಳುತ್ತೆ. ಉಬುಂಟು 22.04ರಲ್ಲಿ ಈ ತೊಂದರೆ ತುಂಬಾ ಜನಕ್ಕೆ ಆಗಿದೆ, ಆರ್ಡುಯಿನೋ ಬೋರ್ಡ್ ಹಚ್ಚೋರಿಗಂತೂ ಖಾಯಂ. ಶೆಡ್‌ನಲ್ಲಿ ಬ್ರೈಲ್ ಸಾಧನ ಬಳಸೋರು ಯಾರೂ ಇಲ್ಲ, ಹಾಗಾಗಿ ಎಪಿಟಿ ರಿಮೂವ್ ಬಿಆರ್‌ಎಲ್‌ಟಿಟಿವೈ ಅಂತ ತೆಗೆದುಬಿಟ್ಟೆ. ಶಾಲೆಯಲ್ಲೋ ಲೈಬ್ರರಿಯಲ್ಲೋ ಬೇಕಾದವರು ಇದ್ದರೆ ಹೀಗೆ ಕಿತ್ತು ಬಿಸಾಕಬೇಡಿ. ಅದರ ಯುಡೆವ್ ರೂಲ್ಸ್ ಫೈಲನ್ನ ಅದೇ ಹೆಸರಲ್ಲಿ /ಇಟಿಸಿ/ಯುಡೆವ್/ರೂಲ್ಸ್.ಡಿಗೆ ನಕಲು ಮಾಡಿ, ಅದರಲ್ಲಿ 1ಎ86 ಇರೋ ಸಾಲಿನ ಮುಂದೆ ಮಾತ್ರ ಹ್ಯಾಶ್ ಹಾಕಿದರೆ ಸಾಕು. ಒಂದೇ ಹೆಸರಿನ ಎರಡು ಫೈಲ್ ಇದ್ದರೆ ಇಟಿಸಿಯದ್ದೇ ಗೆಲ್ಲುತ್ತೆ.

ಕೇಬಲ್ ಕಿತ್ತು ಸಿಕ್ಕಿಸಿದೆ. ಟಿಟಿವೈಯುಎಸ್‌ಬಿ0 ಬಂತು, ಅಲ್ಲೇ ನಿಂತಿತು.

ಹಂತ 6: ತೂಕ ಬರೋವರೆಗೆ

ಸೀರಿಯಲ್ ಪೋರ್ಟಿನಲ್ಲಿ ಬರೋದನ್ನ ತೋರಿಸೋ ಪಿಕೋಕಾಮ್ ಹಾಕಿ 9600 ವೇಗದಲ್ಲಿ ತೆರೆದೆ. ಪರ್ಮಿಷನ್ ಡಿನೈಡ್. ಸೀರಿಯಲ್ ಪೋರ್ಟ್‌ಗಳು ಡಯಲ್‌ಔಟ್ ಗುಂಪಿನವು, ನಮ್ಮ ಯೂಸರ್ ಆ ಗುಂಪಿಗೆ ಸೇರಬೇಕು. ಯೂಸರ್‌ಮಾಡ್‌ಗೆ ಸಣ್ಣ ಎ, ದೊಡ್ಡ ಜಿ ಎರಡೂ ಸೇರಿಸಿ ಕೊಡಬೇಕು. ಬರೀ ದೊಡ್ಡ ಜಿ ಕೊಟ್ಟರೆ ಇದ್ದ ಗುಂಪುಗಳಿಂದೆಲ್ಲ ಹೊರಗೆ ಹಾಕುತ್ತೆ, ಸುಡೋನೂ ಹೋಗುತ್ತೆ. ಅಕ್ಷರ ತಲೆಕೆಳಗಾಗೋ ಭಯ ಇದ್ದರೆ "ಸುಡೋ ಆ್ಯಡ್‌ಯೂಸರ್, ನಿಮ್ಮ ಯೂಸರ್ ಹೆಸರು, ಡಯಲ್‌ಔಟ್" ಅಂತ ಹೊಡೆಯಿರಿ, ಅದೇ ಸಲೀಸು. ಲಾಗ್‌ಔಟ್ ಆಗಿ ಮತ್ತೆ ಬರೋವರೆಗೆ ಇದು ಲಾಗೂ ಆಗಲ್ಲ.

ಪೋರ್ಟ್ ತೆರೀತು. ತಟ್ಟೆ ಮೇಲೆ ಅರ್ಧ ಚೀಲ ಅಡಿಕೆ ಇಟ್ಟೆ. ಯಂತ್ರದ ಕೆಂಪು ಅಂಕಿ ಬದಲಾಯ್ತು, ಪರದೆ ಮೇಲೆ ಏನೂ ಇಲ್ಲ.

ಈಗ ತಪ್ಪು ಯಾರದ್ದು? ಡ್ರೈವರ್ರಾ, ಕೇಬಲ್ಲಾ, ಯಂತ್ರವಾ? ಇದನ್ನ ಬೇರ್ಪಡಿಸೋಕೆ ಒಂದು ಪೇಪರ್ ಕ್ಲಿಪ್ ಸಾಕು. ಕೇಬಲನ್ನ ಯಂತ್ರದಿಂದ ಬಿಚ್ಚಿ, ಅದರ ಒಂಬತ್ತು ಪಿನ್ನಿನ ತುದಿಯಲ್ಲಿ 2 ಮತ್ತು 3ನೇ ಪಿನ್‌ಗಳಿಗೆ ಮಾತ್ರ ತಾಗೋ ಹಾಗೆ ಕ್ಲಿಪ್ ಬಗ್ಗಿಸಿ ಹಿಡಿದೆ. ಒಂದರಲ್ಲಿ ಕಳಿಸಿದ್ದು ಇನ್ನೊಂದರಲ್ಲಿ ವಾಪಸ್ ಬರಬೇಕು. ಪಿಕೋಕಾಮ್‌ನಲ್ಲಿ ಕೀ ಒತ್ತಿದರೆ ಒತ್ತಿದ ಅಕ್ಷರ ಪರದೆ ಮೇಲೆ ಬಂತು, ಕ್ಲಿಪ್ ತೆಗೆದರೆ ಬರಲಿಲ್ಲ. ಅಂದರೆ ಡ್ರೈವರ್, ಚಿಪ್, ಕೇಬಲ್ ಮೂರೂ ಚೆನ್ನಾಗಿವೆ. ಕಂಪ್ಯೂಟರ್ ಕಡೆ ಇನ್ನು ನೋಡೋದೇನೂ ಇಲ್ಲ.

ಉಳಿದಿದ್ದು ವೈರಿಂಗ್. ನಮ್ಮ ಯಂತ್ರವೂ 3ನೇ ಪಿನ್ನಿನಲ್ಲೇ ಮಾತಾಡುತ್ತೆ, ಕಂಪ್ಯೂಟರೂ 3ರಲ್ಲೇ ಮಾತಾಡುತ್ತೆ. ಇಬ್ಬರೂ ಒಂದೇ ತಂತಿಯಲ್ಲಿ ಹೇಳ್ತಾ ಇದ್ದರು, ಕೇಳೋರೇ ಇರಲಿಲ್ಲ. 2 ಮತ್ತು 3 ಅದಲುಬದಲು ಮಾಡೋ ನಲ್-ಮೋಡೆಮ್ ಅಡಾಪ್ಟರ್ ತೀರ್ಥಹಳ್ಳಿಯಲ್ಲಿ ಸಿಗಲಿಲ್ಲ, ಶಿವಮೊಗ್ಗದಿಂದ ಬಸ್ಸಿನಲ್ಲಿ ತರಿಸಿದೆ, 120 ರೂಪಾಯಿ. ಬೆಸುಗೆ ಬರೋರಿಗೆ ಅದೂ ಬೇಡ, ಎರಡು ತಂತಿ ತಿರುಗಿಸಿದರೆ ಆಯ್ತು.

ಹಾಕಿದ ಕೂಡಲೇ ಪರದೆ ತುಂಬಾ ಕಸ. ಪ್ರಶ್ನೆ ಚಿಹ್ನೆ, ಚೌಕ, ಏನೇನೋ. ಕಸ ಬಂದರೆ ಖುಷಿಪಡಿ, ತಂತಿ ಸರಿಯಿದೆ, ವೇಗ ಮಾತ್ರ ತಪ್ಪಿದೆ ಅಂತ ಅರ್ಥ. ಯಂತ್ರದ ಪುಸ್ತಕದಲ್ಲಿ 9600 ಅಂತಿತ್ತು, ಯಂತ್ರದ ಮೆನು ಒಳಗೆ ಹೋಗಿ ನೋಡಿದರೆ 2400 ಇಟ್ಟಿದ್ದರು. ಪಿಕೋಕಾಮ್‌ನಲ್ಲಿ 2400 ಕೊಟ್ಟೆ. ಸಾಲುಗಳು ಅಚ್ಚುಕಟ್ಟಾಗಿ ಇಳಿಯತೊಡಗಿದವು. ಚೀಲ ಅಲುಗಾಡುವಾಗ ಸಾಲಿನ ಮುಂದೆ ಯುಎಸ್, ತೂಕ ನಿಂತ ಮೇಲೆ ಎಸ್‌ಟಿ, ಆಮೇಲೆ ಪ್ಲಸ್ ಗುರುತು, ಅಂಕಿ, ಕೆಜಿ. ಲೆಕ್ಕದ ಸ್ಕ್ರಿಪ್ಟಿಗೆ ಎಸ್‌ಟಿ ಇರೋ ಸಾಲನ್ನ ಮಾತ್ರ ತಗೋ ಅಂತ ಹೇಳಿದೆ. ಇಲ್ಲದಿದ್ದರೆ ಚೀಲ ಎತ್ತಿ ಹಾಕಿದ ಹೊಡೆತಕ್ಕೆ ಬರೋ ಹೆಚ್ಚಿನ ಅಂಕಿಯೂ ಬಿಲ್ಲಿಗೆ ಹತ್ತುತ್ತೆ. ಅಡಿಕೆ ರೇಟಿನಲ್ಲಿ ಅದು ಚಿಲ್ಲರೆ ವಿಷಯ ಅಲ್ಲ.

ಹಂತ 7: ಖಾಯಂ ಹೆಸರು

ಕರೆಂಟ್ ಹೋಗಿ ಬಂದಾಗ ಒಮ್ಮೆ ಟಿಟಿವೈಯುಎಸ್‌ಬಿ0 ಇದ್ದದ್ದು ಟಿಟಿವೈಯುಎಸ್‌ಬಿ1 ಆಗಿ ಬಂತು. ಸ್ಕ್ರಿಪ್ಟ್ ಹಳೇ ಹೆಸರನ್ನೇ ಹಿಡ್ಕೊಂಡು ಪೋರ್ಟ್ ಬಿಟ್ಟಿರಲಿಲ್ಲ, ಅದಕ್ಕೆ ಕರ್ನಲ್ ಮುಂದಿನ ನಂಬರ್ ಕೊಟ್ಟಿತು. ಇದಕ್ಕೆ ಯುಡೆವ್‌ನಲ್ಲಿ ಇನ್ನೊಂದು ಸಾಲು: ಟಿಟಿವೈ ವರ್ಗದ್ದು, ಐಡಿ 1ಎ86 ಮತ್ತು 7523 ಇದ್ದರೆ ತಕ್ಕಡಿ ಅನ್ನೋ ಹೆಸರಲ್ಲಿ ಸಿಮ್‌ಲಿಂಕ್ (ಅಡ್ಡಹೆಸರು) ಮಾಡು. ಯುಡೆವ್‌ಆ್ಯಡ್ಮ್ ಕಂಟ್ರೋಲ್ ರಿಲೋಡ್ ಮಾಡಿ ಕೇಬಲ್ ಕಿತ್ತು ಹಾಕಿದೆ. ಈಗ ಪೋರ್ಟ್ ಯಾವ ನಂಬರಿಗೆ ಬಂದರೂ /ಡೆವ್/ತಕ್ಕಡಿ ಅದನ್ನೇ ತೋರಿಸುತ್ತೆ. ಸ್ಕ್ರಿಪ್ಟ್ ಅದನ್ನ ಮಾತ್ರ ನೋಡುತ್ತೆ.

ಎರಡನೇ ತೂಕದ ಯಂತ್ರ ತರೋ ಯೋಚನೆ ಚಿಕ್ಕಪ್ಪನಿಗಿದೆ. ಆಗ ಈ ಸಾಲು ಸಾಲಲ್ಲ. ಸಿಎಚ್340 ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರಲ್ಲ, ಎರಡು ಕೇಬಲ್ ಹಾಕಿದರೆ ಯಾವುದು ಯಾವುದು ಅಂತ ಯುಡೆವ್‌ಗೆ ತಿಳಿಯಲ್ಲ. ಯಾವ ಯುಎಸ್‌ಬಿ ತೂತಿಗೆ ಸಿಕ್ಕಿಸಿದೆ ಅನ್ನೋದರ ಮೇಲೆ /ಡೆವ್/ಸೀರಿಯಲ್/ಬೈ-ಪಾತ್ ಒಳಗೆ ಹೆಸರು ಇರುತ್ತೆ, ಅದನ್ನ ಬಳಸಬೇಕು, ತೂತುಗಳಿಗೆ ಪೇಂಟಿನಲ್ಲಿ ಗುರುತು ಹಾಕಬೇಕು. ಇಲ್ಲಾ ಎಫ್‌ಟಿಡಿಐ ಚಿಪ್ಪಿನ ಕೇಬಲ್ ತಗೋಬೇಕು, ಅದರಲ್ಲಿ ಸಾಮಾನ್ಯವಾಗಿ ನಂಬರ್ ಇರುತ್ತೆ, ಬೆಲೆಯೂ ಜಾಸ್ತಿ.

ಖರ್ಚು: ಡಾಂಗಲ್ 550, ಸೀರಿಯಲ್ ಕೇಬಲ್ 280, ನಲ್-ಮೋಡೆಮ್ 120, ಎಕ್ಸ್‌ಟೆನ್ಷನ್ 90. ಒಟ್ಟು 1040 ರೂಪಾಯಿ, ಬಸ್ ಚಾರ್ಜ್ ಬಿಟ್ಟು.

ಉಳಿದಿರೋ ಒಂದು ತೊಂದರೆ: ಯುಪಿಎಸ್ ಪೂರ್ತಿ ಖಾಲಿಯಾಗಿ ಕಂಪ್ಯೂಟರ್ ತಣ್ಣಗಿಂದ ಶುರುವಾದಾಗ ಕೆಲವೊಮ್ಮೆ ಡಾಂಗಲ್ ಸಿಡಿ ವೇಷದಲ್ಲೇ ಉಳಿದುಬಿಡುತ್ತೆ, ಯುಡೆವ್ ಸಾಲು ಓಡಿದರೂ ಎಜೆಕ್ಟ್ ತಾಗಲ್ಲ. ಕಿತ್ತು ಸಿಕ್ಕಿಸಿದರೆ ಸರಿಹೋಗುತ್ತೆ. ಬೂಟ್ ಮುಗಿದ ಮೇಲೆ 1ಎ2ಬಿ ಇನ್ನೂ ಇದೆಯಾ ಅಂತ ನೋಡಿ ಮತ್ತೊಮ್ಮೆ ಮೋಡ್‌ಸ್ವಿಚ್ ಓಡಿಸೋ ಒಂದು ಸಣ್ಣ ಸಿಸ್ಟಮ್‌ಡಿ ಸರ್ವೀಸ್ ಬರೆದಿಟ್ಟಿದ್ದೇನೆ, ಇನ್ನೂ ಹಾಕಿಲ್ಲ. ಅಲ್ಲಿವರೆಗೆ ಕಿಟಕಿ ಹತ್ತಿರ ಹೋಗಿ ಡಾಂಗಲ್ ಕಿತ್ತು ಹಾಕೋದನ್ನ ಚಿಕ್ಕಪ್ಪನಿಗೆ ಹೇಳಿಕೊಟ್ಟಿದ್ದೇನೆ.